ವೇಗ ಹೆಚ್ಚಿದ್ದಕ್ಕೇ ನಿಂತ ಕಂಪ್ಯೂಟರ್

1998ರಲ್ಲಿ ಎಎಂಡಿಯ ಕೆ6-2 ಪ್ರೊಸೆಸರ್ ಬಂತು. ಇಂಟೆಲ್‌ನ ಪೆಂಟಿಯಂ 2ಕ್ಕಿಂತ ಅಗ್ಗ. ಆದರೆ 350 ಮೆಗಾಹರ್ಟ್ಸ್ ಅಥವಾ ಅದಕ್ಕೂ ವೇಗದ ಕೆ6-2 ಕೂರಿಸಿದರೆ ವಿಂಡೋಸ್ 95 ಶುರುವಾಗುವಾಗಲೇ 'ವಿಂಡೋಸ್ ಪ್ರೊಟೆಕ್ಷನ್ ಎರರ್' ಎಂದು ನಿಂತುಬಿಡುತ್ತಿತ್ತು. ಕೆಲವೊಮ್ಮೆ ಮಾತ್ರ ಸರಿಯಾಗಿ ಏಳುತ್ತಿತ್ತು. ಇಂಥ ಹೊತ್ತಿನಲ್ಲಿ ಅನುಮಾನ ಬೀಳುವುದು ಅಗ್ಗದ ಚಿಪ್ ಮೇಲೆಯೇ.

ತಪ್ಪು ಇದ್ದದ್ದು ಬೇರೆಡೆ. ವಿಂಡೋಸ್ ಒಂದು ಲೂಪ್ ಓಡಿಸಿ, ಅದಕ್ಕೆ ಹಿಡಿದ ಸಮಯದಿಂದ ಲೆಕ್ಕ ಹಾಕುತ್ತಿತ್ತು. ಕೆ6-2 ಆ ಲೂಪನ್ನು ನಿರೀಕ್ಷೆಗಿಂತ ಬೇಗ ಮುಗಿಸುತ್ತಿತ್ತು. ಭಾಗಾಕಾರ ಕೈಕೊಟ್ಟು ಸಿಸ್ಟಂ ಬೀಳುತ್ತಿತ್ತು. ಪರಿಹಾರ ಚಿಪ್ ವಾಪಸ್ ಕೊಡುವುದಲ್ಲ, ಮೈಕ್ರೋಸಾಫ್ಟ್‌ನ ಪುಟ್ಟ ಪ್ಯಾಚ್ ಹಾಕುವುದಾಗಿತ್ತು.

ಯಂತ್ರಗಳು ಇಷ್ಟೇ ವೇಗದಲ್ಲಿರುತ್ತವೆ ಎಂದು 1995ರಲ್ಲಿ ನಂಬಿ ಬರೆದ ಸಾಲುಗಳು ಮೂರೇ ವರ್ಷಕ್ಕೆ ಹಳತಾಗಿದ್ದವು. ಹೊಸ ಭಾಗ ಹಾಕಿದೊಡನೆ ಕಂಪ್ಯೂಟರ್ ಏಳದಿದ್ದರೆ, ಹೊಸದನ್ನಷ್ಟೇ ಅಲ್ಲ, ಹಳೆಯದನ್ನೂ ಪರೀಕ್ಷಿಸಿ.