ಬ್ಲ್ಯಾಕ್‌ಹೆಡ್: ಕಾರಣಗಳು ಮತ್ತು ತಡೆಗಟ್ಟುವ ಕ್ರಮಗಳು

ಚರ್ಮದ ಜಿಡ್ಡು ಹಾಗೂ ಸತ್ತ ಜೀವಕೋಶಗಳು ರೋಮಕೂಪದ ಬಾಯಿಯಲ್ಲಿ ಕಟ್ಟಿಕೊಂಡಾಗ ಬ್ಲ್ಯಾಕ್‌ಹೆಡ್ ಉಂಟಾಗುತ್ತದೆ. ಇದರ ಕಪ್ಪು ಬಣ್ಣಕ್ಕೆ ಕೊಳೆ ಕಾರಣವಲ್ಲ. ತೆರೆದ ರಂಧ್ರದಲ್ಲಿನ ಮೆಲನಿನ್ ಮತ್ತು ಜಿಡ್ಡು ಗಾಳಿಯ ಸಂಪರ್ಕದಿಂದ ಕಪ್ಪಾಗುತ್ತವೆ. ಆದುದರಿಂದ ಎಷ್ಟು ಉಜ್ಜಿದರೂ ಹೋಗದು, ಚರ್ಮ ಕೆಂಪಾಗುವುದಷ್ಟೆ. ಹದಿಹರೆಯದ ಹಾರ್ಮೋನುಗಳು, ಹಣೆಗಿಳಿಯುವ ತಲೆಯ ಎಣ್ಣೆ, ಜಿಡ್ಡಿನ ಕ್ರೀಮುಗಳು ಇದನ್ನು ಹೆಚ್ಚಿಸುತ್ತವೆ.

ದಿನಕ್ಕೆ ಎರಡು ಬಾರಿ ಸೌಮ್ಯ ಸಾಬೂನಿನಿಂದ ಮುಖ ತೊಳೆಯತಕ್ಕದ್ದು, ಚಿವುಟಬಾರದು. ವೈದ್ಯರು ಸೂಚಿಸುವ ಅಡಾಪಲಿನ್ ಮುಲಾಮನ್ನು ಗರ್ಭಿಣಿಯರು ಬಳಸಕೂಡದು.

ಮುಖ ಬೆಳ್ಳಗಾಗಲೆಂದು ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮುಗಳೇ ಹೆಚ್ಚು ಅಪಾಯಕಾರಿ. ಇವು ಮೊಡವೆ ತರುವುದಲ್ಲದೆ ಚರ್ಮವನ್ನೂ ತೆಳುವಾಗಿಸುತ್ತವೆ. 2018ರಿಂದ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸಿ.ವಿ. ರಾಮನ್ ನಗರದ ನಿವಾಸಿಗಳು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಬಳಸುತ್ತಿರುವ ಟ್ಯೂಬನ್ನು ಜೊತೆಗೆ ಒಯ್ಯುವುದು.