ಪವರ್ ಸ್ಟೀರಿಂಗ್ ಆಯಿಲ್: ಪರೀಕ್ಷೆ ಮತ್ತು ಆರೈಕೆ

ಬೇಸಿಗೆ ರಜೆಯಲ್ಲಿ ಮುಂಬಯಿ, ಪುಣೆಗಳಿಂದ ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುವ ಕನ್ನಡಿಗ ಕುಟುಂಬಗಳು ಅನೇಕ. ಪ್ರಯಾಣಕ್ಕೆ ಮುನ್ನ ಎಂಜಿನ್ ಆಯಿಲ್, ಬ್ರೇಕು, ಟೈರಿನ ಗಾಳಿ ಇವನ್ನೆಲ್ಲ ತಪ್ಪದೆ ನೋಡಿಸುವ ನಾವು ಸ್ಟೀರಿಂಗ್ ಆಯಿಲನ್ನು ಮಾತ್ರ ಮರೆಯುತ್ತೇವೆ. ಘಟ್ಟದ ತಿರುವುಗಳಲ್ಲಿ ನಮ್ಮ ಕೈಗೆ ಬಲ ನೀಡುವುದು ಅದೇ.

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಈ ಆಯಿಲನ್ನು ಒತ್ತಡದಿಂದ ನೂಕುತ್ತದೆ. ಆ ಒತ್ತಡವೇ ಚಕ್ರಗಳನ್ನು ತಿರುಗಿಸಲು ನೆರವಾಗುತ್ತದೆ. ಮಾರಾಟದ ಕಾರಿನಲ್ಲಿ ಇದನ್ನು ಮೊದಲು ಅಳವಡಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪೆನಿ, 1951ರಲ್ಲಿ.

ಎಲ್ಲ ಕಾರುಗಳಲ್ಲಿಯೂ ಈ ಆಯಿಲ್ ಇರುವುದಿಲ್ಲ. 2005ರಲ್ಲಿ ಭಾರತಕ್ಕೆ ಬಂದ ಮಾರುತಿ ಸ್ವಿಫ್ಟ್‌ನ ಸ್ಟೀರಿಂಗಿಗೆ ನೆರವಾಗುವುದು ವಿದ್ಯುತ್ ಮೋಟಾರು. ಅದೇ ವರ್ಷ ಬಂದ ಟೊಯೊಟಾ ಇನ್ನೋವಾದಲ್ಲಿ ಇರುವುದು ಆಯಿಲ್. ನಮ್ಮ ಕಾರು ಯಾವ ಬಗೆಯದೆಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಪರೀಕ್ಷಿಸುವ ಕ್ರಮ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಬೇಕು. ಸ್ಟೀರಿಂಗ್ ಆಯಿಲಿನ ಡಬ್ಬಿಯ ಮೇಲೆ ಕನಿಷ್ಠ ಮತ್ತು ಗರಿಷ್ಠ ಮಟ್ಟದ ಗೆರೆಗಳಿರುತ್ತವೆ. ಕೆಲವು ಕಾರುಗಳಲ್ಲಿ ಮುಚ್ಚಳಕ್ಕೆ ಅಂಟಿದ ಅಳತೆಕಡ್ಡಿಯ ಮೇಲೆ ಬಿಸಿ, ತಣ್ಣನೆಯ ಸ್ಥಿತಿಗಳಿಗೆ ಬೇರೆ ಬೇರೆ ಗುರುತುಗಳಿರುತ್ತವೆ. ಧೂಳು ಒಳಗೆ ಬೀಳದಂತೆ ಮೊದಲು ಮುಚ್ಚಳವನ್ನು ಒರೆಸಿ, ಆನಂತರ ತೆರೆಯಬೇಕು. ಆಯಿಲ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಬದಲಾಯಿಸಬೇಕು. ನೊರೆ ಕಂಡರೆ ಗಾಳಿ ಸೇರಿದೆಯೆಂದು ಅರ್ಥ.

ಮಟ್ಟ ಇಳಿದಿದ್ದರೆ

ಪೆಟ್ರೋಲಿನಂತೆ ಈ ಆಯಿಲ್ ಖರ್ಚಾಗುವ ವಸ್ತುವಲ್ಲ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಆಗ ಮೇಲಿಂದ ಮೇಲೆ ತುಂಬಿಸುತ್ತ ಹೋಗುವುದು ರೋಗವನ್ನು ಮುಚ್ಚಿಟ್ಟಂತೆ. ಪೈಪು, ಸೀಲು, ಪಂಪುಗಳನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಆಯಿಲ್ ಇಲ್ಲದೆ ಪಂಪು ತಿರುಗಿದರೆ ಪಂಪೇ ಸವೆದುಹೋಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಸೋರಿದರೆ ಬೆಂಕಿಯ ಅಪಾಯವೂ ಉಂಟು. ತಿರುಗಿಸುವಾಗ ಕೀರಲು ಸದ್ದು, ನಿಧಾನ ವೇಗದಲ್ಲಿ ಸ್ಟೀರಿಂಗ್ ಭಾರವಾಗುವುದು, ನೆಲದ ಮೇಲೆ ಕೆಂಪು ಕಲೆ, ಇವು ಮುನ್ಸೂಚನೆಗಳು.

ನೆನಪಿಡಬೇಕಾದವು

1. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ಬ್ರೇಕ್ ಆಯಿಲ್ ಸರ್ವಥಾ ಕೂಡದು. ಅದು ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ.

2. ಗರಿಷ್ಠ ಗೆರೆಯನ್ನು ಮೀರಬಾರದು.

3. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿಯಬಾರದು.

4. ಇಂಧನ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಅಭ್ಯಾಸ ಕೆಲವರಿಗಿದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಸ್ಟೀರಿಂಗ್ ಒಮ್ಮೆಲೇ ಭಾರವಾಗುತ್ತದೆ. ಬ್ರೇಕಿನ ನೆರವೂ ಬೇಗನೆ ಕುಗ್ಗುತ್ತದೆ.

ಆಗುಂಬೆಯ 14 ತಿರುವುಗಳಲ್ಲಿ ಅಂತಹ ಒಂದು ಕ್ಷಣವೇ ಸಾಕು, ಅನಾಹುತವಾಗಲು. ತಿಂಗಳಿಗೊಮ್ಮೆ ಐದು ನಿಮಿಷ ಬಾನೆಟ್ ಎತ್ತಿ ನೋಡುವ ರೂಢಿಯನ್ನು ಮನೆಯ ಮಕ್ಕಳಿಗೂ ಕಲಿಸೋಣ.