ಗಾಯಗೊಂಡವನಿಗೆ ರೇಷ್ಮೆ ವಸ್ತ್ರ: ವಜ್ರಮುಷ್ಟಿ ಕಾಳಗದ ಒಂದು ಒಗಟು, ಗ್ರೀಕ್ ಮಲ್ಲರ ಬೆಳಕಿನಲ್ಲಿ

ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್ 1535ರಿಂದ 1537ರ ಸುಮಾರಿಗೆ ವಿಜಯನಗರದಲ್ಲಿದ್ದ. ಆಗ ಅಚ್ಯುತದೇವರಾಯನ ಆಳ್ವಿಕೆ. ಮಹಾನವಮಿಯ ಮಲ್ಲರ ಕಾಳಗವನ್ನು ವರ್ಣಿಸುತ್ತ ನೂನಿಜ್ ಒಂದು ವಿಚಿತ್ರ ಸಂಗತಿ ಬರೆದಿಟ್ಟಿದ್ದಾನೆ. ಅರಸನ ಬಳಿ ಸಾವಿರ ಮಲ್ಲರಿದ್ದರು. ಅವರಿಗೆ ರಾಜ್ಯದಲ್ಲಿ ಬೇರಾವ ಊಳಿಗವೂ ಇರಲಿಲ್ಲ. ಕೈಯಲ್ಲಿ ಮೊನೆಗಳಿದ್ದ ಬಳೆಯಂಥ ಆಯುಧ ಹಿಡಿದು ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು. ಕೊನೆಯಲ್ಲಿ ಹೆಚ್ಚು ಗಾಯಗೊಂಡವನೇ ಹೋಗಿ ಅರಸ ಕೊಡುವ ರೇಷ್ಮೆ ವಸ್ತ್ರವನ್ನು ಪಡೆಯುತ್ತಿದ್ದ.

ಇಂದು ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ, ಜಂಬೂ ಸವಾರಿಗೆ ಮೊದಲು ನಡೆಯುವ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ ಈ ಮಾತು ತಲೆಕೆಳಗಾಗಿ ಕಾಣುತ್ತದೆ. ಈಗಿನ ಪದ್ಧತಿಯಲ್ಲಿ ಎದುರಾಳಿಯ ತಲೆಯಿಂದ ಮೊದಲು ರಕ್ತ ತೊಟ್ಟಿಕ್ಕಿಸಿದವನು ಗೆದ್ದವನು. ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಹಾಗಿರುವಾಗ ಹೆಚ್ಚು ರಕ್ತ ಸುರಿಸಿದವನಿಗೆ ಉಡುಗೊರೆ ಏಕೆ? ನೂನಿಜ್ ತಪ್ಪಾಗಿ ಕಂಡನೇ, ಅಥವಾ ನಾವು ತಪ್ಪಾಗಿ ಓದುತ್ತಿದ್ದೇವೆಯೇ? ಈ ಲೇಖನದ ವಾದ ಎರಡನೆಯದು. ರೇಷ್ಮೆ ವಸ್ತ್ರವನ್ನು ನಾವು ಗೆಲುವಿನ ಕಿರೀಟವೆಂದು ಭಾವಿಸಿದ್ದರಿಂದಲೇ ಒಗಟು ಹುಟ್ಟಿದೆ. ಆ ಭಾವನೆಯ ಬೇರು ನಮ್ಮ ನೆಲದ್ದಲ್ಲ, ಒಲಿಂಪಿಯದ್ದು.

ಗ್ರೀಕ್ ಮಲ್ಲರಿಂದ ಎರಡು ಪಾಠ

ಪ್ರಾಚೀನ ಕ್ರೀಡೆಯ ಒಗಟುಗಳನ್ನು ಬಿಡಿಸುವ ವಿದ್ಯೆ ಹೆಚ್ಚು ಬೆಳೆದಿರುವುದು ಗ್ರೀಸಿನ ವಿಷಯದಲ್ಲಿ. ಅಲ್ಲಿನ ವಿದ್ವಾಂಸರೂ ಹವ್ಯಾಸಿಗಳೂ ನೂರಾರು ವರ್ಷ ತಡಕಾಡಿ ಕಲಿತದ್ದರಲ್ಲಿ ನಮಗೆ ಬೇಕಾದವು ಎರಡು.

ಮೊದಲನೆಯದು, ಘಟನೆಗೂ ದಾಖಲೆಗೂ ನಡುವಿನ ಅಂತರವನ್ನು ಅಳೆಯುವುದು. ಕ್ರೋಟನ್ ಊರಿನ ಫಾಯಿಲ್ಲಸ್ 55 ಅಡಿ ಹಾರಿದನೆಂಬ ಮಾತು ಪ್ರಸಿದ್ಧ. ಒಂದೇ ನೆಗೆತದಲ್ಲಿ ಅಷ್ಟು ದೂರ ಯಾವ ಮನುಷ್ಯನೂ ಹಾರಲಾರ. ಹಾಗಾಗಿ ಅದು ಐದು ನೆಗೆತವೋ, ಕೈಯಲ್ಲಿ ಹಿಡಿದ ತೂಕದ ಗುಂಡುಗಳ ಮಹಿಮೆಯೋ ಎಂದು ಪುಟಗಟ್ಟಲೆ ಚರ್ಚೆ ನಡೆದಿದೆ. ಆದರೆ ಕ್ರಿ.ಪೂ. 480ರ ಸಲಾಮಿಸ್ ಯುದ್ಧಕ್ಕೆ ಹಡಗು ತಂದ ಇದೇ ಫಾಯಿಲ್ಲಸನನ್ನು ಹೆರೊಡೊಟಸ್ ಹೆಸರಿಸುವಾಗ, ಡೆಲ್ಫಿಯ ಕೂಟದಲ್ಲಿ ಮೂರು ಸಲ ಗೆದ್ದವನು ಎಂದಷ್ಟೇ ಹೇಳುತ್ತಾನೆ. ನೆಗೆತದ ಸುದ್ದಿಯೇ ಇಲ್ಲ. 55 ಅಡಿಯ ಮಾತು ಬರುವುದು ತಡವಾದ ಪದ್ಯವೊಂದರಲ್ಲಿ. ಒಗಟು ಬಿಡಿಸುವ ಮೊದಲು ಒಗಟು ಎಷ್ಟು ಹಳೆಯದೆಂದು ಕೇಳಬೇಕು.

ಎರಡನೆಯದು, ಒಂದು ಕಾಲದ ಸಾಧನವನ್ನು ಇನ್ನೊಂದು ಕಾಲದ ಮಲ್ಲನ ಕೈಗೆ ತೊಡಿಸದಿರುವುದು. ಒಲಿಂಪಿಯದಲ್ಲಿ ಮುಷ್ಟಿಕಾಳಗ ಸೇರಿದ್ದು ಕ್ರಿ.ಪೂ. 688ರಲ್ಲಿ. ಸ್ಮಿರ್ನಾದ ಒನೊಮಾಸ್ಟಸ್ ಮೊದಲು ಗೆದ್ದ, ನಿಯಮಗಳನ್ನೂ ಅವನೇ ಕೊಟ್ಟನೆಂಬುದು ಗ್ರೀಕರ ನಂಬಿಕೆ. ಆಗಿನ ಮುಷ್ಟಿಮಲ್ಲರು ಕೈಗೆ ಸುತ್ತುತ್ತಿದ್ದುದು ಎತ್ತಿನ ಚರ್ಮದ ಮೆದು ಪಟ್ಟಿ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಗಟ್ಟಿ ಚರ್ಮದ ಚೂಪು ಪಟ್ಟಿ ಬಂತು. ಲೋಹ ಸೇರಿಸಿದ ಕೈಕವಚ ರೋಮನ್ನರದು. 1885ರಲ್ಲಿ ರೋಮ್ ನಗರದಲ್ಲಿ ಸಿಕ್ಕಿದ ಕಂಚಿನ ಮುಷ್ಟಿಮಲ್ಲನ ಪ್ರತಿಮೆಯಲ್ಲಿ ಗಾಯದ ರಕ್ತವನ್ನು ತೋರಿಸಲು ತಾಮ್ರ ಕೂರಿಸಿದ್ದಾರೆ; ಅವನ ಕೈಯಲ್ಲಿರುವುದು ಚೂಪು ಪಟ್ಟಿ. ಆ ಪ್ರತಿಮೆಯನ್ನು ಕಣ್ಣೊಳಗಿಟ್ಟುಕೊಂಡು ಒನೊಮಾಸ್ಟಸನನ್ನು ಊಹಿಸಿದರೆ ಮೂರು ಶತಮಾನ ದಾಟಿ ತಪ್ಪುತ್ತೇವೆ.

ಈ ಎಚ್ಚರ ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸನಿಗಿತ್ತು. ನೆಮಿಯದ ಕೂಟದಲ್ಲಿ ಕ್ರ್ಯೂಗಸ್ ಮತ್ತು ಡಮೊಕ್ಸೆನಸ್ ಎಂಬಿಬ್ಬರು ಸಂಜೆಯಾದರೂ ಸೋಲು ಗೆಲುವು ತೀರದೆ, ತಲಾ ಒಂದೇ ಏಟಿಗೆ ಒಪ್ಪಿಕೊಂಡರು. ಡಮೊಕ್ಸೆನಸ್ ನೇರ ಬೆರಳುಗಳಿಂದ ಎದುರಾಳಿಯ ಪಕ್ಕೆಯ ಕೆಳಗೆ ತಿವಿದು ಕರುಳನ್ನೇ ಕಿತ್ತ. ಕ್ರ್ಯೂಗಸ್ ಅಲ್ಲೇ ಸತ್ತ. ಐದು ಬೆರಳು ತಿವಿದದ್ದು ಒಂದು ಏಟಾಗದು, ಮಾತಿಗೆ ತಪ್ಪಿದ ಹಾಗಾಯಿತು ಎಂದು ತೀರ್ಪುಗಾರರು ಡಮೊಕ್ಸೆನಸನನ್ನು ಹೊರಹಾಕಿ, ಸತ್ತವನಿಗೇ ಗೆಲುವು ಕೊಟ್ಟರು. ಈ ಕತೆ ಹೇಳುವ ಪೌಸಾನಿಯಸ್, ಆ ಕಾಲದವರು ಚೂಪು ಪಟ್ಟಿ ತೊಡುತ್ತಿರಲಿಲ್ಲ, ಬೆರಳು ಬರಿದಾಗಿರುವಂತೆ ಮೆದು ಪಟ್ಟಿ ಕಟ್ಟುತ್ತಿದ್ದರು ಎಂದು ತಾನೇ ವಿವರಿಸುತ್ತಾನೆ. ತನ್ನ ಕಾಲದ ಓದುಗ ಎಲ್ಲಿ ಎಡವುತ್ತಾನೆಂದು ಅವನಿಗೆ ಗೊತ್ತಿತ್ತು.

ಇದೇ ಎಚ್ಚರವನ್ನು ಬಹುಮಾನದ ವಿಷಯದಲ್ಲೂ ತಾಳಬೇಕು. ಒಲಿಂಪಿಯದಲ್ಲಿ ಕಾಡು ಆಲಿವ್ ಎಲೆಯ ಕಿರೀಟ ಮೊದಲಿಗನಿಗೆ ಮಾತ್ರ. ಎರಡನೆಯವನಿಗೆ ಏನೂ ಇಲ್ಲ, ಸೋತವನಿಗೆ ನಾಚಿಕೆ. ಇಂದಿನ ಕ್ರೀಡೆಯನ್ನು ನೋಡಿ ಬೆಳೆದ ನಮ್ಮ ಮನಸ್ಸು ಈ ಅಚ್ಚಿನಲ್ಲೇ ಯೋಚಿಸುತ್ತದೆ.

ವಿಜಯನಗರದ ಇಬ್ಬರು ಸಾಕ್ಷಿಗಳು

ನೂನಿಜ್‌ಗಿಂತ ಸುಮಾರು 15 ವರ್ಷ ಮೊದಲು, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೋ ಪೇಸ್ ಇದೇ ಮಹಾನವಮಿಯನ್ನು ನೋಡಿದ್ದ. ಇಬ್ಬರ ಬರಹವನ್ನೂ ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ಪೇಸ್ ಹೇಳುವಂತೆ ಏಟಿಗೆ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಮಾತೇ ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಚೆನ್ನಾಗಿ ಕೆಡವುವ ಪಟ್ಟುಗಳೂ ಇದ್ದವು. ಇಬ್ಬರನ್ನೂ ಸಮನಾಗಿ ಕಣಕ್ಕೆ ಇಳಿಸುವುದಕ್ಕೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುವುದಕ್ಕೂ ನಾಯಕರು, ತೀರ್ಪುಗಾರರು ಇದ್ದರು.

ಪೇಸ್ ಪ್ರಕಾರ ಮರ್ಯಾದೆ ಗೆದ್ದವನಿಗೆ. ನೂನಿಜ್ ಪ್ರಕಾರ ವಸ್ತ್ರ ಗಾಯಗೊಂಡವನಿಗೆ. ಮೇಲುನೋಟಕ್ಕೆ ಒಬ್ಬರನ್ನು ನಂಬಿದರೆ ಇನ್ನೊಬ್ಬರನ್ನು ಬಿಡಬೇಕು. ನಮ್ಮ ತೆಂಗಿನ ಸೀಮೆಯಲ್ಲಿ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ನೀರಿಂಗಿ ಕೊಬ್ಬರಿಯಾಗಿದೆಯೇ ಎಂದು ಒಡೆಯದೆಯೇ ತಿಳಿಯುತ್ತಾರೆ. ಸಾಕ್ಷ್ಯವನ್ನೂ ಎಸೆಯುವ ಮೊದಲು ಹಾಗೆ ಒಂದೊಂದಾಗಿ ಅಲ್ಲಾಡಿಸಿ ಕೇಳಬೇಕು. ಅದಕ್ಕೆ ಕೃಷ್ಣರಾಯನ ಪಟ್ಟಣದಿಂದ ಶ್ರೀರಂಗಪಟ್ಟಣಕ್ಕೆ ಬರೋಣ.

ಶ್ರೀರಂಗಪಟ್ಟಣದ ಸೆರೆಯಾಳು, ಮೈಸೂರಿನ ರೆಸಿಡೆಂಟ್

ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅಲ್ಲಿನ ಕಾಳಗವನ್ನು ಟಿಪ್ಪುವಿನ ಕಾಲದಲ್ಲಿ ನೋಡಿದವನು ಜೇಮ್ಸ್ ಸ್ಕರಿ. 1782ರಲ್ಲಿ ಫ್ರೆಂಚರಿಗೆ ಸೆರೆಸಿಕ್ಕು, ಅವರಿಂದ ಹೈದರನ ವಶಕ್ಕೆ ಬಂದ ಇಂಗ್ಲಿಷ್ ನಾವಿಕ. ಅವನ ಪುಸ್ತಕ ಅಚ್ಚಾದದ್ದು 1824ರಲ್ಲಿ. ಅವನು ಬರೆದಂತೆ, ಜೆಟ್ಟಿಗಳೆಂಬ ಮಲ್ಲರು ತಮ್ಮ ಗುರುಗಳ ಹಿಂದೆ ಬಂದು ಸಲಾಮು ಮಾಡುತ್ತಿದ್ದರು. ಒಂದು ಗರಡಿಯವರಿಗೆ ಇನ್ನೊಂದು ಗರಡಿಯವರನ್ನು ಜೋಡಿ ಕಟ್ಟುತ್ತಿದ್ದರು. ತಲೆ ನುಣ್ಣಗೆ, ಮೈಗೆ ಎಣ್ಣೆ, ಬಲಗೈಯಲ್ಲಿ ನಾಲ್ಕು ಉಕ್ಕಿನ ಉಗುರುಗಳ ವಜ್ರಮುಷ್ಟಿ. ಕೊರಳಿನ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗ ಆರಂಭಿಸುತ್ತಿದ್ದರು. ಕೈಕಾಲು ಮುರಿಯುವುದೂ ಉಂಟು. ಸುಲ್ತಾನನಿಗೆ ಸಾಕೆನಿಸುವ ತನಕ ಹೋರಾಡಲೇಬೇಕು; ಹಿಂಜರಿದವರನ್ನು ಕೆಣಕಲು ಒಬ್ಬೊಬ್ಬರ ಹಿಂದೆಯೂ ಇಬ್ಬರು ಗಟ್ಟಿಗರು ನಿಂತಿರುತ್ತಿದ್ದರು. ಚೆನ್ನಾಗಿ ಕಾದಿದವರಿಗೆ ಅವರವರ ಯೋಗ್ಯತೆಗೆ ತಕ್ಕ ರುಮಾಲು, ಶಾಲು.

ಎರಡು ದಶಕದ ಬಳಿಕ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ 1817ರ ನಡುವೆ ಹೊರಬಂದ ತನ್ನ ದಕ್ಷಿಣ ಭಾರತ ಚರಿತ್ರೆಯಲ್ಲಿ ದಸರೆಯ ಕಾಳಗವನ್ನು ಸೂಕ್ಷ್ಮವಾಗಿ ಬರೆದಿದ್ದಾನೆ. ಆಯುಧ ಎಮ್ಮೆ ಕೊಂಬಿನದು. ಗೆಣ್ಣುಗಳಂತೆ ನಾಲ್ಕು ಮೊನೆ, ಕಿರುಬೆರಳಿನ ತುದಿಯಲ್ಲಿ ಇನ್ನೂ ಚಾಚಿದ ಐದನೆಯದು. ಅದನ್ನು ಬೆರಳಿಗೆ ಕಟ್ಟುವ ರೀತಿಯೇ ಹಾಗಿತ್ತು: ಜೋರಾಗಿ ಹೊಡೆದರೆ ಹೊಡೆದವನ ಬೆರಳ ಕೀಲೇ ತಪ್ಪಬೇಕು. ಹೊಡೆಯಲು ಅಪ್ಪಣೆ ಇದ್ದದ್ದು ತಲೆಗೆ ಮಾತ್ರ. ಇಬ್ಬರ ತಲೆಯಿಂದಲೂ ರಕ್ತ ಕಣದ ಮರಳಿಗೆ ಹರಿಯುವುದು ಸಾಮಾನ್ಯವಾಗಿತ್ತು. ಗೆಲುವು ಯಾರದೆಂದು ತಿಳಿದಾಗ ಅಥವಾ ಕಾಳಗ ಮಿತಿಮೀರಿದಾಗ, ಮೇಲ್ವಿಚಾರಕರು ಮಲ್ಲರಿಗೆ ಕೊಡಬೇಕಾದ ರುಮಾಲು, ನಿಲುವಂಗಿಗಳನ್ನು ಕಣಕ್ಕೆ ಎಸೆದು ನಿಲ್ಲಿಸುತ್ತಿದ್ದರು. ಗೆದ್ದವನು ದಣಿದಿಲ್ಲವೆಂದು ತೋರಿಸಲು ಲಾಗ ಹಾಕುತ್ತ ಹೋಗುತ್ತಿದ್ದ. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದವು. ಗೆಲುವಿನ ಫಲ, ಮೇಲಿನ ದರ್ಜೆಗೆ ಏರುವುದು.

ಸ್ಕರಿ ಟಿಪ್ಪುವನ್ನು ದ್ವೇಷಿಸಿದ ಸೆರೆಯಾಳು. ವಿಲ್ಕ್ಸ್ ಒಡೆಯರ ಆಸ್ಥಾನಕ್ಕೆ ಬೇಕಾದವನು. ಒಬ್ಬನಿಗೆ ಕ್ರೌರ್ಯ ದೊಡ್ಡದಾಗಿ ಕಂಡಿತು, ಇನ್ನೊಬ್ಬನಿಗೆ ಕಟ್ಟುಪಾಡು. ಆದರೆ ಇಬ್ಬರೂ ಒಂದು ಸಂಗತಿಯಲ್ಲಿ ಒಂದಾಗುತ್ತಾರೆ: ವಸ್ತ್ರ ಗೆದ್ದವನೊಬ್ಬನ ಸೊತ್ತಾಗಿರಲಿಲ್ಲ. ವಿಲ್ಕ್ಸ್ ಈ ಆಯುಧಕ್ಕೆ ರೋಮನ್ನರ ಕೈಕವಚದ ಹೆಸರು ಬಳಸಿದರೂ, ಬೇರೆ ಪದ ಸಿಗದೆ ಬಳಸಿದ್ದೇನೆ, ಇದು ಅದಲ್ಲ ಎಂದು ಅಲ್ಲೇ ತಿಳಿಸುತ್ತಾನೆ. ಪೌಸಾನಿಯಸನ ಎಚ್ಚರವೇ ಇದು.

ಎರಡು ಮರ್ಯಾದೆಗಳು

ಈಗ ನಾಲ್ಕೂ ಸಾಕ್ಷ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಈ ಕಾಳಗದಲ್ಲಿ ಎರಡು ಬೇರೆ ಬೇರೆ ಮರ್ಯಾದೆಗಳಿದ್ದವು ಎಂಬುದು ನನ್ನ ತೀರ್ಮಾನ. ಒಂದು, ಗೆಲುವಿನದು. ಪೇಸ್ ಕಂಡ ತೀರ್ಪುಗಾರರ ಗೌರವ, ವಿಲ್ಕ್ಸ್ ಹೇಳುವ ದರ್ಜೆಯ ಏರಿಕೆ ಈ ಸಾಲಿಗೆ ಸೇರಿದವು. ಇನ್ನೊಂದು, ಅರಸನ ಮುಂದೆ, ಹಬ್ಬದ ದಿನ ರಕ್ತ ಚೆಲ್ಲಿದ್ದಕ್ಕೆ ಸಲ್ಲುವ ವಸ್ತ್ರ. ನೂನಿಜ್‌ನ ರೇಷ್ಮೆ, ಸ್ಕರಿಯ ಶಾಲು, ವಿಲ್ಕ್ಸ್‌ನ ರುಮಾಲು, ನಿಲುವಂಗಿ ಈ ಸಾಲಿನವು. ಹೀಗೆ ಓದಿದರೆ ಪೇಸ್, ನೂನಿಜ್ ಇಬ್ಬರೂ ಸತ್ಯವನ್ನೇ ಹೇಳಿದ್ದಾರೆ; ಒಬ್ಬ ಒಂದು ಮರ್ಯಾದೆ ಕಂಡ, ಮತ್ತೊಬ್ಬ ಇನ್ನೊಂದನ್ನು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಮೊದಲ ರಕ್ತಕ್ಕೆ ಕಾಳಗ ನಿಲ್ಲುವ ನಿಯಮ ಅನಾದಿ ಕಾಲದ್ದೆಂಬ ನಂಬಿಕೆ ವ್ಯಾಪಕ. ಆದರೆ ಪೇಸ್ ಕಂಡವರ ಹಲ್ಲು ಮುರಿದಿತ್ತು, ಸ್ಕರಿ ಕಂಡವರು ಸುಲ್ತಾನ ಸಾಕೆನ್ನುವವರೆಗೂ ಹೊಡೆದಾಡಿದರು, ವಿಲ್ಕ್ಸ್ ಕಂಡವರಿಬ್ಬರೂ ರಕ್ತದಲ್ಲಿ ತೊಯ್ದಿದ್ದರು. ಈ ಮೂರೂ ವರ್ಣನೆಗಳಲ್ಲಿ ಮೊದಲ ಹನಿಗೆ ನಿಂತ ಕಾಳಗವಿಲ್ಲ. ಆದ್ದರಿಂದ ಆ ನಿಯಮ ನೆಲೆಗೊಂಡದ್ದು ವಿಲ್ಕ್ಸ್ ನಂತರವೆಂದು ತಿಳಿಯುವುದು ಸರಿ. ಪದ್ಧತಿ ಮೃದುವಾದರೂ ಅದರ ತಿರುಳು ಉಳಿಯಿತು. ಹಬ್ಬಕ್ಕೆ ಬೇಕಾದದ್ದು ರಕ್ತ, ಸಾವಲ್ಲ. ಒಂದು ಹನಿ ಬಿದ್ದರೂ ಆ ಸೇವೆ ಸಂದಂತೆಯೇ.

ಸಮಬಲರನ್ನು ಜೋಡಿ ಕಟ್ಟುವ ಕಾಳಜಿ ಮಾತ್ರ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಭಾಗ, ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುತ್ತದೆ. ಗ್ರೀಕರು ಹುಡುಗರನ್ನೂ ಗಂಡಸರನ್ನೂ ಬೇರೆ ಮಾಡಿದರೇ ಹೊರತು ತೂಕದ ವಿಂಗಡಣೆ ಅರಿಯರು. ಸೋಮೇಶ್ವರನ ವಿಂಗಡಣೆ, ಪೇಸ್ ಕಂಡ ಸಮಜೋಡಿ, ವಿಲ್ಕ್ಸ್‌ನ ಐದು ದರ್ಜೆ, ಇಂದಿಗೂ ದಸರೆಗೆ ಮುನ್ನ ಅರಮನೆಯಲ್ಲಿ ನಡೆಯುವ ಜೋಡಿ ಕಟ್ಟುವ ಶಾಸ್ತ್ರ, ಇವೆಲ್ಲ ಒಂದೇ ಎಳೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನಗಳು ಆ ಎಳೆಯನ್ನು ಇನ್ನೂ ಹಿಡಿದಿವೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರ 'ಮಲ್ಲಪುರಾಣ' 1964ರಲ್ಲಿ ಬರೋಡದಲ್ಲಿ ಅಚ್ಚಾದ ಮೇಲೆ, ಈ ಮನೆತನಗಳ ಮೂಲವನ್ನು ಹುಡುಕುವ ದಾರಿಯೂ ತೆರೆದಿದೆ.

ಹುಳಿಯಾರು ಸೀಮೆಯಲ್ಲಿ ಮಾಡಬೇಕಾದ ಕೆಲಸ

ಅರಮನೆಯ ಕಾಳಗಕ್ಕೆ ಪರದೇಶದ ಸಾಕ್ಷಿಗಳಾದರೂ ಸಿಕ್ಕರು. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತೆಂಗಿನ ಸೀಮೆಯ ಗರಡಿಗಳಿಗೆ, ಜಾತ್ರೆಯ ಕುಸ್ತಿಗಳಿಗೆ ಯಾವ ನೂನಿಜ್ ಬಂದ? ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟದಲ್ಲಿ ನಮ್ಮ ತಾಲ್ಲೂಕುಗಳ ಶಾಸನಗಳಿವೆ. ಆದರೆ ವೀರಗಲ್ಲಿನ ಕಾಳಗವನ್ನು ಕ್ರೀಡೆಯೆಂದು ಓದಬಾರದು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ: ಅದು ಸಾವಿನ ದಾಖಲೆ.

ಒಲಿಂಪಿಯದಲ್ಲಿ 143 ಕಿಲೋ ತೂಕದ ಒಂದು ಕಲ್ಲು ಸಿಕ್ಕಿದೆ. ಬೈಬಾನ್ ಎಂಬವನು ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ಎಸೆದನೆಂದು ಕಲ್ಲಿನ ಮೇಲೆಯೇ ಕೆತ್ತಿದ್ದಾರೆ. ಕ್ರಿ.ಪೂ. ಆರನೆಯ ಶತಮಾನದ ಆ ಮನುಷ್ಯನ ಹೆಸರು ಉಳಿದದ್ದು ಯಾರೋ ಒಬ್ಬರು ಉಳಿ ಹಿಡಿದು ಕೂತದ್ದರಿಂದ. ನಮ್ಮ ಗರಡಿಗಳ ಗುಂಡುಕಲ್ಲುಗಳ ಮೇಲೆ ಬರಹವಿಲ್ಲ. ಅವನ್ನು ಎತ್ತಿದವರ ಹೆಸರು ಹಿರಿಯರ ಬಾಯಲ್ಲಿದೆ. ಹವ್ಯಾಸಿ ಸಂಶೋಧಕನ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಗರಡಿ ಎಲ್ಲಿತ್ತು, ವಸ್ತಾದ ಯಾರು, ಕಲ್ಲಿನ ತೂಕವೆಷ್ಟು, ಜೋಡಿ ಕಟ್ಟುವಾಗ ಏನು ನೋಡುತ್ತಿದ್ದರು ಎಂದು ಕೇಳಿ, ಹೇಳಿದವರ ವಯಸ್ಸಿನೊಂದಿಗೆ, ಕೇಳಿದ ದಿನಾಂಕದೊಂದಿಗೆ ಬರೆದಿಡಬೇಕು. ಗೆದ್ದವನಿಗೆ ಏನು ಸಿಕ್ಕಿತೆಂಬುದನ್ನು ಯಾರಾದರೂ ಹೇಳುತ್ತಾರೆ. ಸೋತವನಿಗೆ ಏನು ಕೊಟ್ಟು ಕಳಿಸುತ್ತಿದ್ದರು ಎಂಬುದನ್ನು ಮರೆಯದೆ ಕೇಳಬೇಕು. ಒಂದು ಸಮಾಜ ತನ್ನ ಮಲ್ಲರನ್ನು ಹೇಗೆ ಕಂಡಿತೆಂಬುದು ಆ ಎರಡನೆಯ ಉತ್ತರದಿಂದಲೇ ಹೆಚ್ಚು ತಿಳಿಯುತ್ತದೆ.